ಪೊಲೀಸರು ಮುಷ್ಕರ ಮಾಡಬಾರದು, ಸರಿ. ಹಾಗಾದ್ರೆ ಅವರ ಮಾತು ಕೇಳೋರು ಯಾರು?

2016ರ ಜೂನ್ 4, ಶನಿವಾರ. ಕರ್ನಾಟಕದ ಪೊಲೀಸರು ಅವತ್ತು ಸಾಮೂಹಿಕವಾಗಿ ರಜೆ ಹಾಕುತ್ತಾರೆ ಅನ್ನುವ ಸುದ್ದಿ ಅದಕ್ಕೆ ಎಷ್ಟೋ ದಿನ ಮುಂಚೆಯಿಂದಲೇ ಟಿವಿಯಲ್ಲಿ, ವಾಟ್ಸ್‌ಆಪ್‌ನಲ್ಲಿ ಓಡಾಡುತ್ತಿತ್ತು. ಕರೆ ಕೊಟ್ಟಿದ್ದು ಅಖಿಲ ಕರ್ನಾಟಕ ಪೊಲೀಸ್ ಮಹಾಸಂಘ. ಮುಷ್ಕರ ಅಂತ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ಕಾನೂನು ಬಿಡುವುದಿಲ್ಲ. ಅದಕ್ಕೇ ಎಲ್ಲರೂ ಒಂದೇ ದಿನ ರಜೆ ಕೇಳೋಣ ಅನ್ನುವ ಉಪಾಯ. ಸಾವಿರಾರು ಮಂದಿ ಅರ್ಜಿ ಬರೆದುಕೊಟ್ಟರು. ಬೇಡಿಕೆಗಳಲ್ಲಿ ಗಾಬರಿ ಬೀಳುವಂಥದ್ದು ಏನೂ ಇರಲಿಲ್ಲ. ಸಂಬಳ ಜಾಸ್ತಿಯಾಗಲಿ. ವಾರಕ್ಕೊಂದು ರಜೆ ಸಿಗಲಿ. ಡ್ಯೂಟಿಗೆ ಹೊತ್ತುಗೊತ್ತು ಇರಲಿ. ಸಾಹೇಬರ ಮನೆಯಲ್ಲಿ ಕೆಲಸದಾಳಿನ ಹಾಗೆ ದುಡಿಯುವ ಆರ್ಡರ್ಲಿ ಪದ್ಧತಿ ನಿಲ್ಲಲಿ. ಮೇಲಿನವರ ಕಿರುಕುಳ ತಪ್ಪಲಿ.

ಸರ್ಕಾರ ಎಸ್ಮಾ, ಅಂದರೆ ಅತ್ಯಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ಕಾಯ್ದೆ, ಜಾರಿ ಮಾಡಿತು. ಯಾರಿಗೂ ರಜೆ ಇಲ್ಲ, ಗೈರಾದರೆ ಕ್ರಮ ಗ್ಯಾರಂಟಿ ಎಂದಿತು. ಮಹಾಸಂಘದ ಅಧ್ಯಕ್ಷರನ್ನು ಬಂಧಿಸಿ ರಾಜದ್ರೋಹದ ಕೇಸು ಹಾಕಿತು. ಜೂನ್ 4ರ ಬೆಳಗ್ಗೆ ಹೆಚ್ಚೂಕಮ್ಮಿ ಎಲ್ಲರೂ ಯೂನಿಫಾರ್ಮ್ ಹಾಕಿಕೊಂಡು ಠಾಣೆಗೆ ಬಂದರು. ಪ್ರತಿಭಟನೆ ಠುಸ್ ಆಯಿತು.

ಮುಂದೆ ನಡೆದದ್ದು ಇನ್ನೂ ಮಜವಾಗಿದೆ. ಪೊಲೀಸರ ಸಂಬಳ ಕಡಿಮೆ ಇದೆಯೇ ಎಂದು ನೋಡಲು ಹಿರಿಯ ಐಪಿಎಸ್ ಅಧಿಕಾರಿ ರಾಘವೇಂದ್ರ ಔರಾದ್ಕರ್ ಅವರ ಸಮಿತಿ ಬಂತು. ಕಡಿಮೆಯೇ ಇದೆ, ಪರಿಷ್ಕರಿಸಬೇಕು ಎಂದು ಸಮಿತಿ ಹೇಳಿತು. 2019ರಲ್ಲಿ ಅದು ಒಂದಿಷ್ಟು ಮಟ್ಟಿಗೆ ಜಾರಿಯೂ ಆಯಿತು. ಆರ್ಡರ್ಲಿ ಪದ್ಧತಿ ತೆಗೆಯುತ್ತೇವೆ ಎಂಬ ಮಾತೂ ಬಂತು. ಅಂದರೆ ಕೇಳಿದ್ದು ನ್ಯಾಯವೇ ಆಗಿತ್ತು. ಕೇಳಿದವರು ಮಾತ್ರ ದ್ರೋಹಿಗಳಾದರು.

ಜನರ ಜೀವ ಕಾಯುವ ಕೆಲಸದಲ್ಲಿರುವವರು, ಅಂದರೆ ಪೊಲೀಸರು, ಅಗ್ನಿಶಾಮಕದವರು, ಆಂಬುಲೆನ್ಸ್ ಸಿಬ್ಬಂದಿ, ಮುಷ್ಕರ ಮಾಡಬಹುದಾ ಅನ್ನುವ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ 'ಹೌದು', 'ಇಲ್ಲ' ಅಷ್ಟರಲ್ಲೇ ಮುಗಿಸಿಬಿಡುತ್ತೇವೆ. ನನ್ನ ಉತ್ತರ, ಕನಿಷ್ಠ ಪೊಲೀಸರ ಮಟ್ಟಿಗೆ, 'ಇಲ್ಲ'. ಆದರೆ ಆ 'ಇಲ್ಲ'ಕ್ಕೆ ಸರ್ಕಾರ ಒಂದು ಬೆಲೆ ಕೊಡಬೇಕು. ಬೇರೆ ದೇಶಗಳು ಕೊಟ್ಟಿವೆ. ನಮ್ಮಲ್ಲಿ ಅದು ಬಾಕಿ ಉಳಿದಿದೆ.

ಮೊದಲು ಕಾನೂನು ನೋಡೋಣ, ಅದು ಸರಳವಾಗಿದೆ. ಸಂಘ ಕಟ್ಟುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ. ಆದರೆ ಮುಷ್ಕರ ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದೆ. 2003ರಲ್ಲಿ ತಮಿಳುನಾಡು ಸರ್ಕಾರ ಮುಷ್ಕರ ಹೂಡಿದ ಸುಮಾರು 1.7 ಲಕ್ಷ ನೌಕರರನ್ನು ಒಂದೇ ಏಟಿಗೆ ಮನೆಗೆ ಕಳಿಸಿತ್ತು. ಆಗ ಬಂದ ತೀರ್ಪು ಇನ್ನೂ ಖಡಕ್: ಸರ್ಕಾರಿ ನೌಕರರಿಗೆ ಮುಷ್ಕರ ಮಾಡುವ ಮೂಲಭೂತ ಹಕ್ಕೂ ಇಲ್ಲ, ಕಾನೂನಿನ ಹಕ್ಕೂ ಇಲ್ಲ, ನೈತಿಕ ಹಕ್ಕೂ ಇಲ್ಲ. ಪೊಲೀಸರಿಗಂತೂ ಬೇರೆಯೇ ಬೇಲಿ ಇದೆ. ಅವರ ಮೂಲಭೂತ ಹಕ್ಕುಗಳನ್ನು ಮೊಟಕು ಮಾಡಲು 33ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಡುತ್ತದೆ. ಅದರಡಿ 1966ರಲ್ಲಿ ಬಂದ ಕಾಯ್ದೆಯ ಪ್ರಕಾರ, ಅನುಮತಿ ಇಲ್ಲದೆ ಪೊಲೀಸರು ಸಂಘ ಸೇರುವಂತಿಲ್ಲ, ಪತ್ರಿಕೆಯವರ ಜತೆ ಮಾತಾಡುವಂತಿಲ್ಲ. ಪೊಲೀಸರನ್ನು ಕೆಲಸ ಬಿಡುವಂತೆ ಹುರಿದುಂಬಿಸುವವರನ್ನು ಜೈಲಿಗೆ ಹಾಕುವ ಕಾಯ್ದೆ ಇನ್ನೂ ಹಳೆಯದು, 1922ರದ್ದು. ಅಸಹಕಾರ ಚಳವಳಿಯ ಕಾಲದಲ್ಲಿ ಬ್ರಿಟಿಷರು ಅದನ್ನು ಯಾಕೆ ತಂದರು ಅಂತ ಬೇರೆ ಹೇಳಬೇಕಾ?

ಇಷ್ಟೊಂದು ಬಿಗಿ ಯಾಕೆ? ಕಾರಣ ಇದೆ. ಅದನ್ನು ತಳ್ಳಿಹಾಕುವ ಹಾಗಿಲ್ಲ.

1919ರ ಸೆಪ್ಟೆಂಬರ್ 9ರ ಸಂಜೆ ಅಮೆರಿಕದ ಬಾಸ್ಟನ್‌ನಲ್ಲಿ 1,100ಕ್ಕೂ ಹೆಚ್ಚು ಪೊಲೀಸರು ಕೆಲಸ ಬಿಟ್ಟು ಹೊರನಡೆದರು. ಊರಿನ ಪಡೆಯಲ್ಲಿ ಇದ್ದವರೇ 1,500 ಚಿಲ್ಲರೆ. ಅವತ್ತು ರಾತ್ರಿಯೇ ಅಂಗಡಿಗಳ ಗಾಜು ಒಡೆದವು, ಲೂಟಿ ಶುರುವಾಯಿತು. ಸೇನಾ ತುಕಡಿ ಬಂದು ಗುಂಡು ಹಾರಿಸಿ ಊರನ್ನು ಹತೋಟಿಗೆ ತಂದಿತು. ಜನ ಸತ್ತರು. 'ಸಾರ್ವಜನಿಕರ ಸುರಕ್ಷತೆಯ ವಿರುದ್ಧ ಮುಷ್ಕರ ಹೂಡುವ ಹಕ್ಕು ಯಾರಿಗೂ, ಎಲ್ಲಿಯೂ, ಯಾವತ್ತೂ ಇಲ್ಲ' ಎಂದು ರಾಜ್ಯದ ಗವರ್ನರ್ ಕ್ಯಾಲ್ವಿನ್ ಕೂಲಿಜ್ ಹೇಳಿದರು. ಆ ಒಂದು ಮಾತು ಅವರನ್ನು ದೇಶದ ತುಂಬ ಹೆಸರುವಾಸಿ ಮಾಡಿತು. ನಾಲ್ಕು ವರ್ಷದಲ್ಲಿ ಅವರು ಅಧ್ಯಕ್ಷರೇ ಆದರು.

ಅದೇ ವರ್ಷ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಅರ್ಧದಷ್ಟು ಪೊಲೀಸರು ಮುಷ್ಕರ ಹೂಡಿದಾಗಲೂ ಲೂಟಿಯಾಯಿತು. ನದಿಗೆ ಯುದ್ಧನೌಕೆಯೇ ಬಂತು. 1969ರ ಅಕ್ಟೋಬರ್ 7ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಪೊಲೀಸರು ಒಂದು ದಿನ ಕೂಡ ಪೂರ್ತಿ ಹೊರಗಿರಲಿಲ್ಲ. ಅಷ್ಟರಲ್ಲೇ ಬ್ಯಾಂಕುಗಳ ದರೋಡೆ, ಬೆಂಕಿ ಎಲ್ಲ ಆಗಿಹೋಯಿತು. ಪ್ರಾಂತೀಯ ಪೊಲೀಸ್ ಪಡೆಯ ಒಬ್ಬರು ಗುಂಡಿಗೆ ಬಲಿಯಾದರು.

ನಮ್ಮಲ್ಲಿ ಆಗಿದ್ದು ಇನ್ನೂ ಭಯಾನಕ. 1973ರ ಮೇನಲ್ಲಿ ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ಪಡೆ ಪಿಎಸಿ ತಿರುಗಿಬಿತ್ತು. ಅದನ್ನು ಅಡಗಿಸಲು ಸೇನೆ ಬರಬೇಕಾಯಿತು. ಗುಂಡಿನ ಕಾಳಗದಲ್ಲಿ ಹಲವರು ಸತ್ತರು. ಕಮಲಾಪತಿ ತ್ರಿಪಾಠಿ ಸರ್ಕಾರವೇ ಬಿತ್ತು. ಮೇಷ್ಟ್ರು ಮುಷ್ಕರ ಹೂಡಿದರೆ ಪಾಠ ನಿಲ್ಲುತ್ತದೆ. ಬಂದೂಕು ಇರುವವನು ಹೂಡಿದರೆ ಅದು ಮುಷ್ಕರವಾಗಿ ಎಲ್ಲಿಯವರೆಗೆ ಉಳಿಯುತ್ತದೆ, ದಂಗೆಯಾಗಿ ಯಾವಾಗ ತಿರುಗುತ್ತದೆ ಅಂತ ಹೇಳಲಾಗುವುದಿಲ್ಲ. ಅದೂ ಅಲ್ಲದೆ ಬೇರೆ ಮುಷ್ಕರಗಳು ಕೈಮೀರಿದಾಗ ಸರ್ಕಾರ ಕರೆಯುವುದು ಪೊಲೀಸರನ್ನೇ ತಾನೇ? ಅವರೇ ಕೂತರೆ ಉಳಿಯುವುದು ಸೇನೆ. ಹಾಗಾಗಿ ನಿಷೇಧದ ಬಗ್ಗೆ ನನ್ನ ತಕರಾರಿಲ್ಲ.

ಆದರೆ ಬಾಸ್ಟನ್ ಕತೆಯಲ್ಲಿ ಕೂಲಿಜ್ ಮಾತನ್ನು ಎತ್ತಿ ಆಡುವವರು ಉಳಿದದ್ದನ್ನು ಹೇಳುವುದಿಲ್ಲ. ಆ ಪೊಲೀಸರು ಯೂನಿಫಾರ್ಮಿಗೆ ಕೈಯಿಂದಲೇ ದುಡ್ಡು ಹಾಕಬೇಕಿತ್ತು. ಠಾಣೆಗಳಲ್ಲಿ ಇಲಿ, ತಿಗಣೆ. ಮಹಾಯುದ್ಧದ ಹೊತ್ತಿಗೆ ಬೆಲೆಗಳು ಏರಿದ್ದವು, ಸಂಬಳ ಅಷ್ಟು ಏರಿರಲಿಲ್ಲ. ಅವರು ಸಂಘ ಕಟ್ಟಿಕೊಂಡರು. ಕಮಿಷನರ್ 19 ಮುಖಂಡರನ್ನು ಅಮಾನತು ಮಾಡಿದರು. ಮುಷ್ಕರ ಶುರುವಾಗಿದ್ದು ಆಮೇಲೆ. ಮುಷ್ಕರಕ್ಕೆ ಹೋದ ಅಷ್ಟೂ ಜನರನ್ನು ವಜಾ ಮಾಡಿದರು, ಒಬ್ಬರನ್ನೂ ವಾಪಸ್ ತೆಗೆದುಕೊಳ್ಳಲಿಲ್ಲ. ಅವರ ಜಾಗಕ್ಕೆ ಬಂದ ಹೊಸಬರಿಗೆ ಏನು ಸಿಕ್ಕಿತು ಗೊತ್ತಾ? ಜಾಸ್ತಿ ಸಂಬಳ, ಜಾಸ್ತಿ ರಜೆ, ಪುಕ್ಕಟೆ ಯೂನಿಫಾರ್ಮ್. ಹಳಬರು ಕೇಳಿದ್ದೂ ಹೆಚ್ಚೂಕಮ್ಮಿ ಅದನ್ನೇ. ಕರ್ನಾಟಕದ 2016 ನೆನಪಾಗುತ್ತದೆ, ಅಲ್ವಾ?

ಬ್ರಿಟನ್ ಸ್ವಲ್ಪ ಬುದ್ಧಿವಂತಿಕೆ ತೋರಿಸಿತು. 1919ರ ಪೊಲೀಸ್ ಕಾಯ್ದೆ ಸಂಘವನ್ನೂ ಮುಷ್ಕರವನ್ನೂ ನಿಷೇಧಿಸಿತು, ನಿಜ. ಲಿವರ್‌ಪೂಲ್‌ನಲ್ಲಿ ವಜಾ ಆದವರಿಗೆ ಕ್ಷಮೆಯೂ ಸಿಗಲಿಲ್ಲ. ಆದರೆ ಅದೇ ಕಾಯ್ದೆಯಿಂದಲೇ ಪೊಲೀಸ್ ಫೆಡರೇಷನ್ ಹುಟ್ಟಿತು. ಸಂಬಳ, ಕೆಲಸದ ಸ್ಥಿತಿ ಬಗ್ಗೆ ಸರ್ಕಾರದ ಜತೆ ಅಧಿಕೃತವಾಗಿ ಮಾತಾಡಲು ಒಂದು ವೇದಿಕೆ. ಅದೇ ವರ್ಷ ಡೆಸ್ಬರೊ ಸಮಿತಿ ಸಂಬಳವನ್ನು ಭಾರಿ ಏರಿಸಲು ಹೇಳಿತು, ಏರಿಸಿದರು. ಮುಷ್ಕರದ ಹಕ್ಕು ಕಿತ್ತುಕೊಂಡ ಕೈಯೇ ಬದಲಿಗೆ ಏನೋ ಕೊಟ್ಟಿತು.

ಅಮೆರಿಕದ ಪೆನ್ಸಿಲ್ವೇನಿಯಾ 1968ರಲ್ಲಿ, ಮಿಷಿಗನ್ 1969ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದವು. ಪೊಲೀಸರು, ಅಗ್ನಿಶಾಮಕದವರು ಮುಷ್ಕರ ಮಾಡುವಂತಿಲ್ಲ. ಮಾತುಕತೆ ಮುರಿದುಬಿದ್ದರೆ ಸ್ವತಂತ್ರ ಪಂಚಾಯ್ತಿದಾರರು ತೀರ್ಪು ಕೊಡುತ್ತಾರೆ, ಅದಕ್ಕೆ ಎರಡೂ ಕಡೆಯವರು ತಲೆಬಾಗಬೇಕು. ಸರ್ಕಾರವೂ! ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಐಎಲ್‌ಒ ನಿಲುವೂ ಇದಕ್ಕೆ ಹತ್ತಿರವೇ. ಪೊಲೀಸರಿಗೆ ಸಂಘದ ಹಕ್ಕು ಎಷ್ಟು ಕೊಡಬೇಕು ಎನ್ನುವುದನ್ನು ಅದು ಆಯಾ ದೇಶಕ್ಕೇ ಬಿಟ್ಟಿದೆ. ಉಳಿದ ಅತ್ಯಗತ್ಯ ಸೇವೆಗಳಲ್ಲಿ ಮುಷ್ಕರ ನಿಷೇಧಿಸಬಹುದು, ಆದರೆ ಬದಲಿಗೆ ನಿಷ್ಪಕ್ಷಪಾತವಾದ, ಬೇಗ ಮುಗಿಯುವ ಪಂಚಾಯ್ತಿ ವ್ಯವಸ್ಥೆ ಇರಲೇಬೇಕು ಎನ್ನುತ್ತದೆ.

ನಾವು ಏನು ಮಾಡಿದೆವು? 1977ರಲ್ಲಿ ಧರ್ಮವೀರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ಬಂತು. 1979ರ ಫೆಬ್ರುವರಿಯಲ್ಲಿ ಅದು ಕೊಟ್ಟ ಮೊದಲ ವರದಿ ಬಹುಪಾಲು ಕಾನ್‌ಸ್ಟೇಬಲ್‌ಗಳ ಪಾಡಿನ ಬಗ್ಗೆಯೇ. ಅವರ ಸಂಬಳ, ವಸತಿ, ದಿನಕ್ಕೆ 10ರಿಂದ 16 ಗಂಟೆಯ ದುಡಿತ, ಕಷ್ಟ ಹೇಳಿಕೊಳ್ಳಲು ಜಾಗವೇ ಇಲ್ಲದಿರುವುದು, ಎಲ್ಲ ಅದರಲ್ಲಿತ್ತು. ಮೇ ತಿಂಗಳಿಗೇ ಪಂಜಾಬಿನಲ್ಲಿ ಪೊಲೀಸರ ಚಳವಳಿ ಹೊತ್ತಿಕೊಂಡಿತು. ಒಂದೊಂದೇ ರಾಜ್ಯಕ್ಕೆ ಹಬ್ಬಿತು. ಕೇಂದ್ರದ ಪಡೆಗಳಾದ ಸಿಆರ್‌ಪಿಎಫ್, ಸಿಐಎಸ್‌ಎಫ್‌ಗೂ ತಗುಲಿತು. ಜೂನ್‌ನಲ್ಲಿ ಈಗಿನ ಜಾರ್ಖಂಡ್‌ನ ಬೊಕಾರೊದಲ್ಲಿ ಸಿಐಎಸ್‌ಎಫ್ ಜವಾನರ ಮೇಲೆ ಸೇನೆ ನುಗ್ಗಬೇಕಾಯಿತು, ಎರಡೂ ಕಡೆ ಹೆಣ ಬಿದ್ದವು. ಇದಕ್ಕೆ ಸಂಸತ್ತು ಕೊಟ್ಟ ಉತ್ತರ 1983ರ ತಿದ್ದುಪಡಿ. ಸಿಐಎಸ್‌ಎಫ್ ಅನ್ನು 'ಕೇಂದ್ರದ ಸಶಸ್ತ್ರ ಪಡೆ' ಎಂದು ಘೋಷಿಸಿದರು. ಬೇಲಿ ಎತ್ತರ ಆಯಿತು ಅಷ್ಟೇ.

ಈಗ ಇದನ್ನು ಐರ್ಲೆಂಡ್ ಜತೆ ಇಟ್ಟು ನೋಡಿ. ಅಲ್ಲಿನ ಪೊಲೀಸರಿಗೆ ಗಾರ್ಡಾ ಎನ್ನುತ್ತಾರೆ. ಅವರಿಗೂ ಮುಷ್ಕರ ಮಾಡುವ ಅವಕಾಶ ಇರಲಿಲ್ಲ. 1998ರ ಮೇ 1ರಂದು ಅವರೂ ನಮ್ಮವರ ಹಾಗೇ ಒಂದು ದಾರಿ ಹುಡುಕಿದರು. ಸುಮಾರು 5,000 ಜನ ಒಂದೇ ದಿನ 'ಹುಷಾರಿಲ್ಲ' ಎಂದು ಫೋನ್ ಮಾಡಿ ಮನೆಯಲ್ಲಿ ಕೂತರು. ಆರ್ಥಿಕ ಹಿಂಜರಿತದ ಕಾಲದಲ್ಲಿ ಕಡಿತವಾದ ಸಂಬಳ ವಾಪಸ್ ಬರಲಿಲ್ಲ ಎಂದು 2016ರ ನವೆಂಬರ್‌ನ ನಾಲ್ಕು ಶುಕ್ರವಾರ ಕೆಲಸ ಬಿಡುತ್ತೇವೆ ಎಂದು ಬಹಿರಂಗವಾಗಿಯೇ ಘೋಷಿಸಿದರು. ನಮ್ಮ ಸಾಮೂಹಿಕ ರಜೆಯ ಕರೆಯಾಗಿ ಅಷ್ಟೊತ್ತಿಗೆ ಐದು ತಿಂಗಳಷ್ಟೇ. ಅಲ್ಲಿ ಯಾರ ಮೇಲೂ ರಾಜದ್ರೋಹದ ಕೇಸು ಬೀಳಲಿಲ್ಲ. ಕಾರ್ಮಿಕ ನ್ಯಾಯಾಲಯ ನಡುವೆ ಬಂತು. ಮೊದಲ ಶುಕ್ರವಾರದ ಹಿಂದಿನ ರಾತ್ರಿ ಅದು ಸುಮಾರು 5 ಕೋಟಿ ಯೂರೊ ವೆಚ್ಚದ ಒಂದು ಪರಿಹಾರ ಸೂಚಿಸಿತು. ಮುಷ್ಕರ ನಿಂತಿತು. 2019ರಲ್ಲಿ ಐರ್ಲೆಂಡ್ ಕಾನೂನು ತಿದ್ದಿ, ಪೊಲೀಸರ ಸಂಘಗಳು ಕಾರ್ಮಿಕ ನ್ಯಾಯಾಲಯಕ್ಕೆ ಹೋಗಲು ದಾರಿ ಮಾಡಿಕೊಟ್ಟಿತು. ಮುಷ್ಕರಕ್ಕೆ ಆಗಲೂ ಅವಕಾಶ ಕೊಡಲಿಲ್ಲ.

ನಮ್ಮ ಪಿಸಿಗೆ, ಅಂದರೆ ಪೊಲೀಸ್ ಕಾನ್‌ಸ್ಟೇಬಲ್‌ಗೆ, ಇರುವ ದಾರಿ ಯಾವುದು? ಅರ್ಜಿ. ಅದು 'ಥ್ರೂ ಪ್ರಾಪರ್ ಚಾನೆಲ್' ಹೋಗಬೇಕು. ಇನ್ಸ್‌ಪೆಕ್ಟರ್ ರಜೆ ಕೊಡುತ್ತಿಲ್ಲ ಎಂಬ ಅರ್ಜಿಯನ್ನು ಅದೇ ಇನ್ಸ್‌ಪೆಕ್ಟರ್ ಟೇಬಲ್ ಮೇಲೆ ಇಡಬೇಕು. ಆ ಅರ್ಜಿ ಮೇಲಕ್ಕೆ ಹೋಗುವ ಮೊದಲು ಅವನ ಡ್ಯೂಟಿ ಬದಲಾಗಿರುತ್ತದೆ. ಗಣೇಶ ವಿಸರ್ಜನೆಯ ರಾತ್ರಿ ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಹೋಗಿ ನೋಡಿ. ಬ್ಯಾರಿಕೇಡ್ ಪಕ್ಕ ನಿಂತವರು ಬೆಳಗಿನ ರೋಲ್ ಕಾಲ್‌ಗೆ ಬಂದವರು. ಊಟದ ಪೊಟ್ಟಣ ಕೈಗೆ ಸಿಗುವಷ್ಟರಲ್ಲಿ ಚಿತ್ರಾನ್ನ ಆರಿ ಅಂಟಾಗಿರುತ್ತದೆ. ಹೆಣ್ಣುಮಕ್ಕಳು ಶೌಚಾಲಯ ಸಿಗುವುದಿಲ್ಲ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿರುತ್ತಾರೆ. ಕೊನೆಯ ಮೆರವಣಿಗೆ ಮುಗಿಯುವ ಹೊತ್ತಿಗೆ ಹಾಲಿನ ಗಾಡಿ ಓಡಾಡುತ್ತಿರುತ್ತದೆ. ಮರುದಿನ ಇನ್ನೊಂದು ಬಂದೋಬಸ್ತ್. ಇದು ಬರೀ ಬೆಂಗಳೂರಿನ ಪಾಡಲ್ಲ. 2014ರಲ್ಲಿ ಕೇಂದ್ರದ ಪೊಲೀಸ್ ಸಂಶೋಧನಾ ಸಂಸ್ಥೆಗಾಗಿ ನಡೆದ ಅಧ್ಯಯನದ ಪ್ರಕಾರ, ದೇಶದ ಠಾಣೆಗಳ ಸಿಬ್ಬಂದಿಯಲ್ಲಿ ಶೇ 90ರಷ್ಟು ಜನ ದಿನಕ್ಕೆ 8 ಗಂಟೆಗಿಂತ ಜಾಸ್ತಿ ದುಡಿಯುತ್ತಾರೆ. ನಮ್ಮ ಸಿಬ್ಬಂದಿಗೆ 11 ಗಂಟೆ ಅಥವಾ ಅದಕ್ಕೂ ಹೆಚ್ಚು ಕೆಲಸ ಎಂದು ಮೂರರಲ್ಲಿ ಎರಡರಷ್ಟು ಠಾಣಾಧಿಕಾರಿಗಳೇ ಒಪ್ಪಿಕೊಂಡಿದ್ದರು.

ಟೋಪಿಯ ವಿಷಯವನ್ನೇ ತೆಗೆದುಕೊಳ್ಳಿ. ಅಧಿಕಾರಿಗಳಿಗೆ ಪೀಕ್ ಕ್ಯಾಪ್. ಕಾನ್‌ಸ್ಟೇಬಲ್‌, ಹೆಡ್ ಕಾನ್‌ಸ್ಟೇಬಲ್‌ಗಳಿಗೆ ಒಂದು ಬದಿ ಮಡಚಿದ ಸ್ಲೋಚ್ ಹ್ಯಾಟ್ ಇತ್ತು. ಬಿಸಿಲಲ್ಲಿ ತಲೆ ಮೇಲೆ ಭಾರ, ಗಲಾಟೆಯಲ್ಲಿ ಓಡಿದರೆ ಬಿದ್ದುಹೋಗುತ್ತಿತ್ತು, ಮಳೆಗೆ ನೆನೆದರೆ ಕೇಳುವುದೇ ಬೇಡ. ವರ್ಷಗಟ್ಟಲೆ ಗೊಣಗಿದರು. 2025ರ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಹೊಸ ನೀಲಿ ಪೀಕ್ ಕ್ಯಾಪ್ ಕೊಟ್ಟರು. ಒಳ್ಳೆಯದೇ. ಆದರೆ ಒಂದು ಟೋಪಿ ಬದಲಾಗಲು ಇಷ್ಟು ಕಾಲ ಬೇಕಾದರೆ ವಾರದ ರಜೆಗೆ ಎಷ್ಟು ಬೇಕು? ಸಂಘ ಇದ್ದಿದ್ದರೆ ಇದು ಒಂದು ಸಭೆಯಲ್ಲಿ ಮುಗಿಯುವ ವಿಷಯವಾಗಿತ್ತು.

ಬಾಯಿ ಮುಚ್ಚಿಸಿದರೆ ಮಾತು ಬೇರೆ ಕಡೆಯಿಂದ ಹೊರಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಪಕ್ಕದ ತೆಲಂಗಾಣದಲ್ಲಿ ವಿಶೇಷ ಪೊಲೀಸ್ ಪಡೆಯವರ ಹೆಂಡತಿಯರು ಮಕ್ಕಳನ್ನು ಕಟ್ಟಿಕೊಂಡು ಬೀದಿಗಿಳಿದರು. ಗಂಡಂದಿರನ್ನು ಪದೇಪದೇ ದೂರದೂರಕ್ಕೆ ಡ್ಯೂಟಿಗೆ ಹಾಕುತ್ತಾರೆ, ಸಂಸಾರ ನಡೆಸುವುದು ಹೇಗೆ ಎಂಬುದು ಅವರ ಪ್ರಶ್ನೆ. 1966ರ ಕಾಯ್ದೆ ಹೆಂಡತಿಯರ ಬಾಯಿ ಕಟ್ಟುವುದಿಲ್ಲವಲ್ಲ! ಆಮೇಲೆ ಪೊಲೀಸರೂ ದನಿಗೂಡಿಸಿದರು. ಸರ್ಕಾರ ಹತ್ತಾರು ಜನರನ್ನು ಅಮಾನತು ಮಾಡಿತು, 10 ಮಂದಿಯನ್ನು ವಜಾ ಮಾಡಿತು.

ಅಗ್ನಿಶಾಮಕ, ಆಂಬುಲೆನ್ಸ್ ಸಿಬ್ಬಂದಿಯ ವಿಷಯ ಬೇರೆ ಎಂದು ನನಗನಿಸುತ್ತದೆ. ಅವರ ಕೈಯಲ್ಲಿ ಬಂದೂಕಿಲ್ಲ, ಯಾರನ್ನೂ ಬಂಧಿಸುವ ಅಧಿಕಾರವಿಲ್ಲ. ಬ್ರಿಟನ್‌ನಲ್ಲಿ ಅಗ್ನಿಶಾಮಕದವರು ಮುಷ್ಕರ ಮಾಡಬಹುದು. 1977ರಲ್ಲಿ, 2002ರಲ್ಲಿ ಮಾಡಿದ್ದಾರೆ. ಎರಡೂ ಸಲ ಸೈನಿಕರು 'ಗ್ರೀನ್ ಗಾಡೆಸ್' ಎಂಬ 1950ರ ದಶಕದ ಹಸಿರು ಬಣ್ಣದ ಗಾಡಿಗಳನ್ನು ಓಡಿಸಿಕೊಂಡು ಬೆಂಕಿ ಆರಿಸಲು ಹೋದರು. ಆದರ್ಶ ವ್ಯವಸ್ಥೆ ಏನಲ್ಲ. ಮುಂಚಿತ ನೋಟಿಸ್, ತುರ್ತು ಕರೆಗೆ ಇಷ್ಟು ಗಾಡಿ, ಇಷ್ಟು ಜನ ಇರಲೇಬೇಕು ಎಂಬ ಷರತ್ತು ಹಾಕಿ ಇವರಿಗೆ ಅವಕಾಶ ಕೊಡಬಹುದು. ನಮ್ಮ ಎಸ್ಮಾದ ತೊಂದರೆ ಏನೆಂದರೆ ಅದಕ್ಕೆ ಈ ವ್ಯತ್ಯಾಸವೇ ಗೊತ್ತಿಲ್ಲ. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಬಸ್ ನಿಲ್ಲಿಸಿದಾಗಲೂ ಸರ್ಕಾರ ತೋರಿಸಿದ್ದು ಅದನ್ನೇ. ಬಸ್ ಸಿಗದಿದ್ದರೆ ಕಷ್ಟ, ಒಪ್ಪುತ್ತೇನೆ. ಆದರೆ ಆಂಬುಲೆನ್ಸ್ ಬರದಿರುವುದೂ ಬಸ್ ಬರದಿರುವುದೂ ಒಂದೇನಾ?

ಸಂಘ ಕೊಟ್ಟರೆ ಪೊಲೀಸರು ಕೈತಪ್ಪುತ್ತಾರೆ, ಶಿಸ್ತು ಹೋಗುತ್ತದೆ ಎನ್ನುವವರು ಕೇರಳದ ಕಡೆ ನೋಡಬೇಕು. ಅಲ್ಲಿ ಕೇರಳ ಪೊಲೀಸ್ ಅಸೋಸಿಯೇಷನ್ ದಶಕಗಳಿಂದ ಇದೆ. ಅದೇ 1966ರ ಕಾಯ್ದೆಯಡಿ, ಅನುಮತಿ ಪಡೆದು. ಅಲ್ಲೂ ತಕರಾರಿದೆ. ಸಂಘದ ಚುನಾವಣೆಯಲ್ಲಿ ಎಡರಂಗ, ಕಾಂಗ್ರೆಸ್ ಎಂದು ಬಣ ಆಗುತ್ತದೆ, ಠಾಣೆಯೊಳಗೇ ರಾಜಕೀಯ ಬರುತ್ತದೆ ಎಂಬ ದೂರು ಸುಳ್ಳಲ್ಲ. ನಮ್ಮಲ್ಲಾದರೆ ಜಾತಿಯ ಲೆಕ್ಕವೂ ಸೇರಿಕೊಳ್ಳಬಹುದು. ಹಾಗಂತ ಕೇರಳದ ಪೊಲೀಸ್ ಪಡೆ ಕುಸಿದುಬಿದ್ದಿಲ್ಲ. ಸಂಘ ಇಲ್ಲದ ನಮ್ಮ ಠಾಣೆಗಳಲ್ಲಿ ರಾಜಕೀಯ ಇಲ್ಲ ಎಂದು ಯಾರಾದರೂ ಎದೆ ಮುಟ್ಟಿ ಹೇಳುತ್ತಾರಾ? ಎಂಎಲ್‌ಎ ಶಿಫಾರಸು ಪತ್ರ ಇಲ್ಲದೆ ಒಂದು ಪೋಸ್ಟಿಂಗ್ ಸಿಗುವುದು ಎಷ್ಟು ಕಷ್ಟ ಅಂತ ಇಲಾಖೆಯಲ್ಲಿ ಯಾರನ್ನು ಬೇಕಾದರೂ ಕೇಳಿ.

2023ರ ಮಾರ್ಚ್ 1ರಂದು ಕರ್ನಾಟಕದ ಸರ್ಕಾರಿ ನೌಕರರ ಸಂಘ ಅನಿರ್ದಿಷ್ಟ ಮುಷ್ಕರ ಶುರು ಮಾಡಿತು. ಕಚೇರಿ ಬಾಗಿಲು ಮುಚ್ಚಿದವು. ಅವತ್ತೇ ಸರ್ಕಾರ ಶೇ 17ರಷ್ಟು ಮಧ್ಯಂತರ ಪರಿಹಾರ ಘೋಷಿಸಿತು, ಮುಷ್ಕರ ಮುಗಿಯಿತು. ಆ ಶೇ 17 ಪೊಲೀಸರಿಗೂ ಬಂತು, ಅವರೂ ಸರ್ಕಾರಿ ನೌಕರರೇ ಆದ್ದರಿಂದ. 2003ರ ತೀರ್ಪಿನ ಪ್ರಕಾರ ಆ ಗುಮಾಸ್ತರಿಗೂ ಮುಷ್ಕರದ ಹಕ್ಕಿರಲಿಲ್ಲ. ಆದರೆ ಅವರ ಹಿಂದೆ ಒಂದು ಸಂಘ ಇತ್ತು. ಮುಖ್ಯಮಂತ್ರಿ ಕರೆದು ಮಾತಾಡಲು ಒಬ್ಬ ಅಧ್ಯಕ್ಷ ಇದ್ದರು. ಗುಮಾಸ್ತರ ಸಂಬಳದ ಜತೆ ಬರುವ ಏರಿಕೆ ಪೊಲೀಸರಿಗೂ ಬರುತ್ತದೆ ಸರಿ. ರಾತ್ರಿ ಪಾಳಿ, ಆರ್ಡರ್ಲಿ, ವಾರದ ರಜೆ ಇವನ್ನೆಲ್ಲ ಗುಮಾಸ್ತರ ಸಂಘ ಯಾಕೆ ಕೇಳುತ್ತದೆ?

ಮಾಡಬೇಕಾದ್ದು ದೊಡ್ಡ ಕ್ರಾಂತಿ ಏನಲ್ಲ. ಅನುಮತಿ ಕೊಟ್ಟು ಸಂಘ ನಡೆಸಲು 1966ರ ಕಾಯ್ದೆಯಲ್ಲೇ ಜಾಗ ಇದೆ, ಹೊಸ ಕಾನೂನು ಬೇಕಾಗಿಲ್ಲ. ಪಿಸಿಯಿಂದ ಎಎಸ್‌ಐವರೆಗಿನವರಿಗೆ ಚುನಾಯಿತ ಸಂಘ, ಪಕ್ಷಗಳ ನಂಟು ನಿಷಿದ್ಧ, ಮುಷ್ಕರ ನಿಷಿದ್ಧ ಎಂಬ ಷರತ್ತು ಹಾಕಿಯೇ ಕೊಡಲಿ. ಕಷ್ಟ ಇರುವುದು ಎರಡನೇ ಭಾಗದಲ್ಲಿ. ಮಾತುಕತೆ ಮುರಿದರೆ ನಿವೃತ್ತ ನ್ಯಾಯಾಧೀಶರೊಬ್ಬರ ಮುಂದೆ ಹೋಗುವುದು, ಅವರು ಇಷ್ಟು ತಿಂಗಳೊಳಗೆ ತೀರ್ಪು ಕೊಡುವುದು, ಅದಕ್ಕೆ ಸರ್ಕಾರ ಕಟ್ಟುಬೀಳುವುದು. ಇದಕ್ಕೆ ದುಡ್ಡು ಬೇಕು. ವಾರದ ರಜೆ ನಿಜವಾಗಿ ಕೊಡಬೇಕಾದರೆ ಖಾಲಿ ಹುದ್ದೆ ತುಂಬಬೇಕು. ಹಣಕಾಸು ಇಲಾಖೆ ಮುಖ ಸಿಂಡರಿಸುತ್ತದೆ. ಯಾವ ಮಂತ್ರಿಗೂ ತನ್ನ ಬಜೆಟ್ಟಿನ ಕೀಲಿ ಹೊರಗಿನವರ ಕೈಗೆ ಕೊಡಲು ಮನಸ್ಸಿರುವುದಿಲ್ಲ. ಮಿಷಿಗನ್, ಪೆನ್ಸಿಲ್ವೇನಿಯಾದಲ್ಲಿ ಆಳುವವರಿಗೂ ಇರಲಿಕ್ಕಿಲ್ಲ. ಪೊಲೀಸರಿಂದ ಮುಷ್ಕರದ ಹಕ್ಕನ್ನು ತೆಗೆದುಕೊಂಡ ಮೇಲೆ ಬೇರೆ ದಾರಿ ಇಲ್ಲ ಎಂದು ಕಂಡಿದ್ದರಿಂದ ಕೊಟ್ಟರು.